ನಾಲ್ಕನೇ ಜ್ವರದ ರಾತ್ರಿ

ಪಿಳ್ಳಮ್ಮ ದೊಡ್ಡಮ್ಮನಿಗೆ ಕಿವಿ ಹೋದದ್ದು
ಒಂದೇ ಸಲಕ್ಕಲ್ಲ.
ಮೊದಲು ಗುಬ್ಬಿ ಹೋಯಿತು, ಆಮೇಲೆ ಬಾಗಿಲ ಚಿಲಕ,
ಆಮೇಲೆ ಜಂಗಮಕೋಟೆ ಬಸ್ಸಿನ ಹಾರನ್ನು.
ಹೋದ ಶ್ರಾವಣದಲ್ಲಿ, ಕೊನೆಗೆ,
ಹುಳ ಸೊಪ್ಪು ತಿನ್ನುವ ಸದ್ದು.

ಕೇಳದವರಿಗೆ ಅದನ್ನು ಹೇಗೆ ಹೇಳಲಿ?
ಇನ್ನೂರು ಮೊಟ್ಟೆಯ ಬೆಳೆ, ನಾಲ್ಕನೇ ಜ್ವರ ಎದ್ದ ಹುಳ.
ಹೆಂಚಿನ ಮೇಲೆ ಮಳೆ ಬಿದ್ದ ಹಾಗೆ ಅನ್ನುತ್ತಾರೆ ಎಲ್ಲರೂ.
ದೊಡ್ಡಮ್ಮ ಮಾತ್ರ
"ಹೊಸ ಸೀರೆ ಮಡಿಕೆ ಬಿಚ್ಚಿದಂಗೆ" ಅನ್ನುತ್ತಿದ್ದಳು.
ಸದ್ದು ತೆಳುವಾದರೆ ನಿದ್ದೆಯಿಂದ ಎದ್ದು
ಇನ್ನೊಂದು ಪದರ ಹಾಸಿ ಬರುತ್ತಿದ್ದಳು.

ನಾನು ಚಿಂತಾಮಣಿಯಲ್ಲಿ ಡಿಪ್ಲೊಮಾ ಮಾಡಿದವಳು,
ಶಿಡ್ಲಘಟ್ಟದ ಓಣಿ ಓಣಿಗೆ ವೈಫೈ ಕಟ್ಟುವವಳು.
ಏಣಿ ನನ್ನ ಸ್ವಂತದ್ದು.
ಗಿರಾಕಿಗಳು ಬಿಸಾಕಿದ ರೂಟರು ಎರಡು ತಂದು
ಹುಳುಮನೆಯ ಈ ಗೋಡೆಗೊಂದು ಆ ಗೋಡೆಗೊಂದು
ಮೊಳೆ ಹೊಡೆದು ಕೂರಿಸಿದೆ.
ಒಂದು ಕೂಗುತ್ತದೆ, ಇನ್ನೊಂದು ಕೇಳುತ್ತದೆ,
ನಡುವೆ ಏನಿದೆಯೋ ಅದು ಕೂಗನ್ನು ಕೆಡಿಸುತ್ತದೆ.
ಕೆಟ್ಟದ್ದನ್ನೇ ಓದಬೇಕು. ಅಷ್ಟೇ ವಿದ್ಯೆ.

ಕ್ಯಾಮೆರಾ ಬೇಡ ಅಂದವಳು ಅವಳೇ.
"ಹುಳ ಬಟ್ಟೆ ಬದಲಾಯಿಸೋದನ್ನ ಯಾಕೆ ನೋಡಬೇಕು?"
ಡಬ್ಬಕ್ಕೆ ಕಣ್ಣಿಲ್ಲ ದೊಡ್ಡಮ್ಮ, ಅಂದಿದ್ದೆ.

ಹಸಿ ಸೊಪ್ಪಿನ ತುಂಬ ನೀರು, ಅದು ಅಲೆಯನ್ನು ಕುಡಿಯುತ್ತದೆ.
ಹಾಸಿದ ಕೂಡಲೇ ಗೆರೆ ಧೊಪ್ಪನೆ ಕೆಳಗೆ;
ಮೇಯುತ್ತ ಮೇಯುತ್ತ
ಉಕ್ಕಲಿರುವ ಹಾಲಿನಂತೆ ಮೇಲೆ.
ಅಂಚು ಮುಟ್ಟಿದರೆ ಅವಳ ದಿಂಬಿನಡಿ ಫೋನು ನಡುಗುತ್ತದೆ.
"ನಿನ್ನ ಡಬ್ಬಕ್ಕೂ ಹಸಿವು ಗೊತ್ತಾಗುತ್ತಲ್ಲೇ ರತ್ನಿ!"
ಮೂರು ಬೆಳೆ ಹೀಗೇ ನಡೆಯಿತು.
ಗೂಡಿಗೆ ಬೆಲೆ ಬಂತೋ ಇಲ್ಲವೋ, ಅದು ಬೇರೆ ಲೆಕ್ಕ.

ಜ್ವರಕ್ಕೆ ಕೂತ ದಿನ ಮಾತ್ರ
ಹುಳ ತಲೆಯೆತ್ತಿ ಕಲ್ಲಾಗಿರುತ್ತದೆ.
ಸೊಪ್ಪು ಹಾಕುವಂತಿಲ್ಲ, ತಟ್ಟೆ ಅಲುಗಿಸುವಂತಿಲ್ಲ.
ಗೆರೆ ಸಪಾಟಾಗಿ ಮಲಗಬೇಕು.

ಹನ್ನೊಂದೂವರೆ. ನಮ್ಮನೆಯ ಮಂಚದ ಮೇಲೆ
ಸುಮ್ಮನೆ ತೆರೆದು ನೋಡಿದೆ.
ಸಣ್ಣ ಏರು, ಸಣ್ಣ ಇಳಿತ.
ನಿಮಿಷಕ್ಕೆ ಹದಿನಾಲ್ಕು. ಮತ್ತೆ ಎಣಿಸಿದೆ. ಹದಿನಾಲ್ಕೇ.
ಇಲಿ ಇಷ್ಟು ನಿಧಾನಿಸುವುದಿಲ್ಲ,
ಊಜಿ ನೊಣಕ್ಕೆ ಇಷ್ಟು ಎದೆಯಿಲ್ಲ.
ಉಸಿರು.
ಅಲ್ಲೇ ಮಲಗಿದ್ದಾಳೆ ಹುಚ್ಚಿ, ಎಂದು ನಗುವಷ್ಟರಲ್ಲಿ
ಆ ಅಲೆಯ ಬೆನ್ನೇರಿ
ಇನ್ನೊಂದು ಅಲೆ.
ಇದು ತಡವಾಗಿ ಬರುತ್ತದೆ. ಹತ್ತು, ಹನ್ನೊಂದು.
ಎರಡೂ ಕೂಡಿದಾಗ ಗೆರೆ ಎತ್ತರಕ್ಕೇಳುತ್ತದೆ,
ತಪ್ಪಿ ಹೋಗುತ್ತವೆ,
ಸ್ವಲ್ಪ ಹೊತ್ತಿಗೆ ಮತ್ತೆ ಕೂಡುತ್ತವೆ.

ದೊಡ್ಡಪ್ಪ ಹೋಗಿ ಇಪ್ಪತ್ತೆರಡು ವರ್ಷ.

ಗೆರೆ ಹೆಸರು ಹೇಳುವುದಿಲ್ಲ.
ಇನ್ನು ನಾಲ್ಕು ಸಾಲು ಬರೆದರೆ
ಬರುವಾಗಿನ ಹೆಜ್ಜೆಯಿಂದ ಹೇಳಿಸಬಹುದು;
ಈ ಬೀದಿಯ ನಡಿಗೆಗಳು ನನಗೆ ಗೊತ್ತು.
ಬೆರಳು ಕೀಲಿಯ ಮೇಲಿತ್ತು.
ಕಣ್ಣಿಲ್ಲ ಅಂದಿದ್ದೆನಲ್ಲ,
ನನ್ನ ಎರಡು ಕಣ್ಣು ಎಲ್ಲಿದ್ದವು ಆಗ?

ಹನ್ನೆರಡಕ್ಕೆ ಕೂತಲ್ಲಿಂದಲೇ ಎರಡನ್ನೂ ಆರಿಸಿದೆ.
ಆ ದಿನದ ಫೈಲು ಅಳಿಸಿದೆ.
ಕತ್ತಲಲ್ಲಿ ನನ್ನ ಉಸಿರು ನನಗೇ ಜೋರಾಗಿ ಕೇಳುತ್ತಿತ್ತು.

ಬೆಳಿಗ್ಗೆ ಹೋದಾಗ ಸೊಪ್ಪು ಕತ್ತರಿಸುತ್ತಿದ್ದಳು.
ಕಟ್ಟೆಯ ಮೇಲೆ ಬೋರಲು ಹಾಕಿದ ಲೋಟಗಳನ್ನು
ನಾನು ಎಣಿಸಲಿಲ್ಲ.
"ರಾತ್ರಿ ಡಬ್ಬದ ಹಸಿರು ದೀಪ ಆರಿತ್ತು" ಅಂದಳು.
ಕರೆಂಟು ಹೋಗಿತ್ತು, ಎಂದು ಕೈ ತಿರುಗಿಸಿ ತೋರಿಸಿದೆ.
"ಬೀದಿ ದೀಪ ಉರೀತಾ ಇತ್ತಲ್ಲೇ."

ಕತ್ತಿ ನಿಲ್ಲಲಿಲ್ಲ.
ತೊಟ್ಟು ಬೇರೆ, ಎಲೆ ಬೇರೆ.
ತಟ್ಟೆಯಲ್ಲಿ ಒಂದೆರಡು ಹುಳ
ಹಳೆ ಚರ್ಮದಿಂದ ಅರ್ಧ ಹೊರಗೆ ಬಂದು
ಹೊಸ ಮೂತಿ ಅಲ್ಲಾಡಿಸುತ್ತಿದ್ದವು.
ಒಂದು ಹಿಡಿ ಎಳೆ ಸೊಪ್ಪು ನನ್ನ ಕೈಗೆ ತುರುಕಿ,
ನನ್ನ ಮುಖ ನೋಡದೆ,
ಕಿವಿ ಕೇಳದವರು ಮಾತಾಡುವಷ್ಟು ಜೋರಾಗಿ ಅಂದಳು:
"ಇನ್ಮೇಲೆ ಜ್ವರದ ದಿನ
ಡಬ್ಬಕ್ಕೂ ರಜ ಕೊಡು."